ಮರ ಮುಗಿದು ಲೋಹ ಶುರುವಾಗುವಲ್ಲಿ

ಫೆಬ್ರವರಿ ೩, ಸೋಮವಾರ

ಆಸ್ಪತ್ರೆಯಲ್ಲಿ ಕೈ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ದಿನಾ ಏನಾದರೂ ಬರೆಯಿರಿ ಎಂದಿದ್ದಾರೆ. ಏನು ಬರೆಯಲಿ ಎಂದು ಕೇಳಿದರೆ, ಮನಸ್ಸಿಗೆ ಬಂದದ್ದು ಬರೆಯಿರಿ, ಯಾರೂ ಓದುವುದಿಲ್ಲ, ಬೆರಳಿಗೆ ಕೆಲಸ ಸಿಕ್ಕರೆ ಸಾಕು ಎಂದರು. ಸರಿ, ಬರೆಯುತ್ತಿದ್ದೇನೆ. ನೋಡಿದರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಗುಬ್ಬಿ ಕಾಲಿಗೇನೋ ನನಗೆ ಹಕ್ಕಿದೆ, ನಾನು ಹುಟ್ಟಿದಾಗಿನಿಂದ ಅಕ್ಕ ಕರೆಯುವುದೇ ಗುಬ್ಬಿ ಎಂದು. ಕಾಗೆ ಕಾಲು ಯಾರದೋ ಗೊತ್ತಿಲ್ಲ.

ಕಾಯಿಲೆ ಹೋಗಿದೆ. ಅದನ್ನು ಮೊದಲು ಬರೆಯಬೇಕಿತ್ತು. ಹೋಯಿತು ಎಂದು ಡಾಕ್ಟರು ಹೇಳಿದ ದಿನ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು, ನಾನು ಅವಳಿಗೆ ನೀರು ಕುಡಿಸಿದೆ. ಬದುಕಿದ್ದೇನೆ, ಅದೇ ದೊಡ್ಡದು. ಆದರೆ ಕಾಯಿಲೆಯನ್ನು ಓಡಿಸಿದ ಔಷಧಿ ಹೋಗುವಾಗ ನನ್ನ ಬೆರಳ ತುದಿಗಳ ಸ್ಪರ್ಶವನ್ನೂ ಹೊತ್ತುಕೊಂಡು ಹೋಗಿದೆ. ಹತ್ತು ಬೆರಳಿಗೂ ದಪ್ಪ ಕಾಲುಚೀಲ ತೊಡಿಸಿದ ಹಾಗಿದೆ. ಸ್ಪರ್ಶ ವಾಪಸ್ ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ. ಇವತ್ತೂ ಸ್ವೆಟರಿನ ಗುಂಡಿಗಳನ್ನು ಅಕ್ಕನೇ ಹಾಕಿದಳು. ಥ್ಯಾಂಕ್ಸ್ ಎಂದೆ.

"ಥ್ಯಾಂಕ್ಸೆಲ್ಲ ಹೊರಗಿನವರಿಗೆ ಹೇಳು," ಎಂದು ಲೇತಿನ ಕಡೆ ಹೋದಳು.

ನಮ್ಮದು ಮರದ ಪೆನ್ನಿನ ಕೆಲಸ, ಅಪ್ಪ ಬಿಟ್ಟುಹೋದದ್ದು. ಮನೆಯ ಹಿಂದಿನ ಉದ್ದ ಕೋಣೆಯಲ್ಲಿ ಕಿಟಕಿಯ ಆ ಕಡೆ ಅಕ್ಕನ ಲೇತು, ಈ ಕಡೆ ನನ್ನ ಮೇಜು. ಅವಳು ಮರ ಕಡೆಯುತ್ತಾಳೆ, ನಾನು ಜೋಡಿಸುತ್ತೇನೆ. ಮರದ ಹೊಟ್ಟೆಯೊಳಗೆ ಹಿತ್ತಾಳೆಯ ಕೊಳವೆ ಇರುತ್ತದೆ. ಕೆಳಗಿನ ತುಂಡಿನ ಒಂದು ಬಾಯಿಗೆ ಲೋಹದ ಮೂತಿ, ಇನ್ನೊಂದು ಬಾಯಿಗೆ ರೀಫಿಲ್ಲನ್ನು ಹೊರಗೂ ಒಳಗೂ ಆಡಿಸುವ ಕೀಲು. ಮೇಲಿನ ತುಂಡಿಗೆ ಕ್ಲಿಪ್ಪು. ಹೇಳುವುದಕ್ಕೆ ಇಷ್ಟೇ. ಇಷ್ಟರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಮಧ್ಯಾಹ್ನ ಅಂಗಡಿಯಜ್ಜ ಬಂದಿದ್ದರು. ನಮ್ಮ ಪೆನ್ನುಗಳೆಲ್ಲ ಮಾರಾಟವಾಗುವುದು ಅವರ ಅಂಗಡಿಯಲ್ಲೇ. ಒಂದು ಹಳೆಯ ಶಾಲೆ ತನ್ನ ಮರದ ಬೆಂಚುಗಳನ್ನು ತೆಗೆದುಹಾಕುತ್ತಿದೆಯಂತೆ, ಆ ಮರದಲ್ಲೇ ಪೆನ್ನು ಮಾಡಿಸಿ ಅಲ್ಲಿ ಓದಿದವರಿಗೆ ಕೊಡುತ್ತಾರಂತೆ. ಇಂಥ ದೊಡ್ಡ ಕೆಲಸ ನಮಗೆ ಹಿಂದೆಂದೂ ಬಂದದ್ದಿಲ್ಲ, ಕಡೆಯುವುದೂ ಜೋಡಿಸುವುದೂ ಅಕ್ಕ ಒಬ್ಬಳಿಂದಲೇ ಆಗುವಂಥದ್ದಲ್ಲ. ಆದರೆ ಮರ ಇರುವುದು ಅಷ್ಟೇ, ಒಡೆದರೆ ಇನ್ನೊಂದಿಲ್ಲ. ಹಾಗಾಗಿ ಮಾರ್ಚ್ ಕೊನೆಗೆ ಒಂದು ಪೆನ್ನನ್ನು ಅವರ ಎದುರಿಗೇ ಜೋಡಿಸಿ ತೋರಿಸಬೇಕು, ಆಗದಿದ್ದರೆ ಜೋಡಿಸುವುದಕ್ಕೆ ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದರು. ಪಾಪ, ನನ್ನ ಮೇಜಿನ ಕಡೆ ನೋಡದೆ ಮೆಲ್ಲಗೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನನ್ನ ತಂಗಿ ಜೋಡಿಸ್ತಾಳೆ," ಎಂದುಬಿಟ್ಟಳು.

ಗುಂಡಿ ಹಾಕಿಕೊಳ್ಳಲಾಗದವಳು ಪೆನ್ನು ಜೋಡಿಸುತ್ತಾಳಂತೆ. ನನ್ನನ್ನು ಒಂದು ಮಾತು ಕೇಳಬಾರದೇ? ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂರುವುದನ್ನು ನೆನೆಸಿಕೊಳ್ಳಲಾರೆ. ನಾನೇ ಕೂರುವುದನ್ನೂ ನೆನೆಸಿಕೊಳ್ಳಲಾರೆ.

ಫೆಬ್ರವರಿ ೫, ಬುಧವಾರ

ಅಕ್ಕ ಒಂದು ಚಪ್ಪಲಿ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ತುಂಬ ಪೆನ್ನು. ನಾನು ಆಸ್ಪತ್ರೆಯಲ್ಲಿದ್ದಾಗ ಅವಳೇ ಕಡೆದು ಅವಳೇ ಜೋಡಿಸಿದವಂತೆ. ಅಂಗಡಿಯಿಂದ ವಾಪಸ್ ಬಂದಿವೆಯಂತೆ. ಮೊದಲು ಇವನ್ನು ಸರಿಮಾಡು, ಮೇಲಿನಿಂದ ತಗೋ, ಅಡಿಗೆ ಕೈ ಹಾಕಿ ಕೆದಕಬೇಡ ಎಂದಳು. ಡಬ್ಬಿ ಕೆದಕಿದರೆ ಇವಳ ಗಂಟೇನು ಹೋಗುತ್ತದೋ.

ಮೊದಲನೆಯದನ್ನು ತೆಗೆದರೆ ಕ್ಲಿಪ್ಪು ಗಡಗಡ ಅಲ್ಲಾಡುತ್ತಿತ್ತು. ಎರಡನೆಯದರದ್ದು ಕೈಗೇ ಕಳಚಿ ಬಂತು. ಇದನ್ನೂ ದುಡ್ಡು ಕೊಟ್ಟು ಯಾರೋ ಕೊಂಡರಲ್ಲ. ಜೋಡಿಸಿದ್ದು ಕೈಯಲ್ಲೋ ಕಾಲಲ್ಲೋ ಎಂದು ಕೇಳಿಯೇಬಿಟ್ಟೆ. ಅಕ್ಕ ಲೇತಿನಿಂದ ತಲೆ ಎತ್ತಲಿಲ್ಲ. ಅವಳ ಬೆರಳು ಮೊದಲಿನಿಂದಲೂ ಒರಟು, ಬೆರಳನ್ನು ನಂಬುವುದಿಲ್ಲ, ಎಲ್ಲದಕ್ಕೂ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿಯುತ್ತಾಳೆ. ಹಾಗೆಂದು ಇಷ್ಟು ಕೆಟ್ಟದಾಗಿಯೇ?

ಸಡಿಲ ಕ್ಲಿಪ್ಪಿಗೆ ಮದ್ದು ಸುಲಭ. ಬುಡಕ್ಕೆ ಒಂದು ಹನಿ ಅಂಟು, ಒತ್ತಿ ಹಿಡಿದು, ಹೊರಗೆ ಬಂದದ್ದನ್ನು ಒರೆಸಿದರೆ ಆಯಿತು. ಕಣ್ಣಿದ್ದರೆ ಸಾಕು, ಬೆರಳು ಬೇಡ. ಒಂದು ಹನಿ ಪೆನ್ನಿಗೆ, ಮೂರು ಹನಿ ಮೇಜಿಗೆ, ಉಳಿದದ್ದು ನನಗೆ. ಹೆಬ್ಬೆರಳೂ ತೋರುಬೆರಳೂ ಅಂಟಿಕೊಂಡದ್ದು ಬೆರಳಿಗೆ ಗೊತ್ತಾಗಲಿಲ್ಲ, ಚಹಾದ ಲೋಟ ಹಿಡಿಯಲು ಹೋದಾಗ ಗೊತ್ತಾಯಿತು. ಅಕ್ಕ ಬಿಸಿನೀರಲ್ಲಿ ಬಿಡಿಸಿದಳು. ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತೋ ಈ ಕೋಣೆಯಲ್ಲಿ ನಕ್ಕು. ಅದಕ್ಕಾದರೂ ಆ ಅಂಟಿಗೆ ಉಪಕಾರ ಸ್ಮರಿಸಬೇಕು.

ಫೆಬ್ರವರಿ ೧೧, ಮಂಗಳವಾರ

ಇವತ್ತಿನ ಪೆನ್ನಿನ ಕೊಳವೆಯ ಬಾಯಲ್ಲಿ ಅಂಟು ಒಣಗಿ ಗಟ್ಟಿಯಾಗಿ ಕೂತಿತ್ತು. ಅದನ್ನು ಪೂರ್ತಿ ಕೆರೆದು ತೆಗೆದೇ ಮೂತಿಯನ್ನು ಒತ್ತಬೇಕು. ಕೆರೆದೆ. ಹೋಗಿದೆಯೋ ಇಲ್ಲವೋ ಬೆರಳಿಟ್ಟು ನೋಡಿದೆ, ಬೆರಳು ಏನೂ ಹೇಳಲಿಲ್ಲ. ಹೋಗಿರಬೇಕು ಎಂದು, ಮೂತಿಯನ್ನು ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿ ಅದುಮಿದೆ.

ಟಪ್ ಎಂದಿತು. ಮರ ಉದ್ದಕ್ಕೂ ಸೀಳಿತು.

ಹಿಡಿ ಬಿಗಿಯಾದದ್ದು ಕೈಗೆ ತಿಳಿಯಲೇ ಇಲ್ಲ. ನಾಳೆಯಿಂದ ಕೂರುವುದಿಲ್ಲ.

ಫೆಬ್ರವರಿ ೧೨, ಬುಧವಾರ

ಕೂತೆ. ಸೀಳಿದ ಪೆನ್ನನ್ನು ಅಕ್ಕ ಯಾವಾಗಲೋ ಎತ್ತಿಬಿಟ್ಟಿದ್ದಳು, ಅದೇ ಜಾಗದಲ್ಲಿ ಅದೇ ದೋಷದ ಇನ್ನೊಂದು ಪೆನ್ನಿತ್ತು. ಒಂದು ಮಾತಿಲ್ಲ ಕತೆಯಿಲ್ಲ. ನನಗೆ ಬೈಯುವುದಕ್ಕೂ ಜಾಗ ಬಿಡಲಿಲ್ಲ ಪುಣ್ಯಾತ್ಗಿತ್ತಿ.

ಕಡ್ಡಿಗೆ ಹತ್ತಿ ಸುತ್ತಿ ಕೊಳವೆಯೊಳಗೆ ತಿರುಗಿಸಿದೆ. ಅಂಟು ಉಳಿದಿದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕೆರೆದು ಮತ್ತೆ ತಿರುಗಿಸಿದೆ. ಎಳೆ ಸಿಕ್ಕದೆ ಬರುವವರೆಗೂ ಅದೇ ಮಾಡಿದೆ. ಆಮೇಲೆ ಹಿಡಿಯನ್ನು ಬೆರಳಿನಿಂದ ಹಿಡಿಯದೆ ಮಣಿಕಟ್ಟನ್ನು ಮೇಲಿಟ್ಟು ಅದುಮಿದೆ. ಮಣಿಕಟ್ಟಿಗೆ ಇನ್ನೂ ಬುದ್ಧಿ ಇದೆ, ಬಿಗಿಯಾದರೆ ಹೇಳುತ್ತದೆ. ಮೂತಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಇಷ್ಟು ವರ್ಷ ಬೆರಳಿಗೇ ಎಲ್ಲ ಹೆಸರು ಬಂತು. ಮಣಿಕಟ್ಟೇ, ನಿನ್ನನ್ನು ಯಾರೂ ಕೇಳಿಯೇ ಇರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಫೆಬ್ರವರಿ ೨೦, ಗುರುವಾರ

ಆಸ್ಪತ್ರೆಗೆ ಹೋಗಿ ಬಂದೆ. ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿಯಿಂದಲೂ ಸೂಜಿಯಿಂದಲೂ ಮುಟ್ಟಿದರು, ಯಾವುದು ಯಾವುದು ಹೇಳಿ ಎಂದರು. ನಾನು ಅಂದಾಜಿನ ಮೇಲೆ ಹೇಳಿದೆ. ಅರ್ಧ ತಪ್ಪಾಯಿತು. ಅವರು ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ, ಒಳ್ಳೆಯ ಹೆಂಗಸು. ತಲೆಗೂದಲು ಬರುತ್ತಿದೆ ನೋಡಿ ಎಂದು ಕನ್ನಡಿ ಹಿಡಿದರು. ಬಂದಿದೆ, ನಿಜ. ಬಾಚುವಷ್ಟಿಲ್ಲ, ಇದೆ ಎಂದು ಹೇಳಿಕೊಳ್ಳುವಷ್ಟಿದೆ.

ಮನೆಗೆ ಬಂದು ಡಬ್ಬಿಯ ಮುಂದೆ ಕೂತೆ. ಈಗ ಬಂದಿರುವ ಪೆನ್ನುಗಳಲ್ಲಿ ಕೀಲನ್ನು ಬೇಕಾದ್ದಕ್ಕಿಂತ ಆಳಕ್ಕೆ ಒತ್ತಿದ್ದಾಳೆ ಮಹಾತಾಯಿ. ರೀಫಿಲ್ಲಿನ ತುದಿ ಒಳಗೇ ಹೋಗುವುದಿಲ್ಲ, ಜೇಬಿನಲ್ಲಿಟ್ಟುಕೊಂಡವರ ಅಂಗಿಗೆಲ್ಲ ಶಾಯಿ. ಮೂತಿಯ ಕಡೆಯಿಂದ ತೆಳು ಸರಳು ತೂರಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೀಲನ್ನು ಹಿಂದಕ್ಕೆ ತರಬೇಕು. ಜೋರಾಗಿ ತಟ್ಟಿದರೆ ಕೀಲೇ ಹಾಳು. ತಟ್ಟುವುದು, ರೀಫಿಲ್ ಹಾಕುವುದು, ತಿರುಗಿಸುವುದು, ನೋಡುವುದು, ಮತ್ತೆ ತಟ್ಟುವುದು. ಸಂಜೆಯವರೆಗೆ ಇದೇ ಆಯಿತು.

ವಿಚಿತ್ರವೆಂದರೆ ಎಲ್ಲದರಲ್ಲೂ ಕೀಲು ಒಂದೇ ಆಳಕ್ಕೆ ಹೋಗಿದೆ. ತಪ್ಪು ಮಾಡುವುದರಲ್ಲೂ ಏನು ಅಚ್ಚುಕಟ್ಟು ಇವಳದು ಎಂದು ರೇಗಿಸಿದೆ. "ಆಯ್ತು ಬಿಡೇ," ಎಂದಳು. ಅಕ್ಕನ ಇಡೀ ದಿನದ ಮಾತು ಅಷ್ಟೇ. ಅವಳ ಪಾಲಿನದ್ದನ್ನೂ ನಾನೇ ಆಡುತ್ತೇನೆ.

ಮಾರ್ಚ್ ೪, ಮಂಗಳವಾರ

ಡಬ್ಬಿಯಲ್ಲಿ ಅರ್ಧ ಇಳಿದಿದ್ದೇನೆ. ಈಗ ಕಷ್ಟದ್ದು ಬಂದಿದೆ. ಮರ ಮುಗಿದು ಲೋಹ ಶುರುವಾಗುವಲ್ಲಿ ಎರಡೂ ಒಂದೇ ಮಟ್ಟಕ್ಕಿರಬೇಕು. ಮರ ತುಸು ದಪ್ಪವಾದರೆ ಅಲ್ಲೊಂದು ಸಣ್ಣ ಮೆಟ್ಟಿಲು ಉಳಿಯುತ್ತದೆ. ಅಪ್ಪ ಅದಕ್ಕೆ ಏಣು ಎನ್ನುತ್ತಿದ್ದ. ಏಣಿದ್ದರೆ ಬರೆಯುವವರ ಬೆರಳು ಪ್ರತಿ ಸಲವೂ ಅಲ್ಲಿ ಎಡವುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು.

ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಪರೀಕ್ಷೆ ಮಾಡುತ್ತಿದ್ದ. ಒಳ್ಳೆಯ ಪೆನ್ನುಗಳ ತಟ್ಟೆಯಲ್ಲಿ ಬೇಕೆಂದೇ ಏಣು ಬಿಟ್ಟ ಒಂದನ್ನು ಸೇರಿಸಿ, ಕಳ್ಳನನ್ನು ಹಿಡಿ ಎನ್ನುತ್ತಿದ್ದ. ನಾನು ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ. ಅಕ್ಕನಿಗೆ ಒಮ್ಮೆಯೂ ಸಿಗಲಿಲ್ಲ, ಅವಳು ಅಳುತ್ತಿದ್ದಳು. ಅದಕ್ಕೇ ಅವಳಿಗೆ ಲೇತು ಬಂತು, ನನಗೆ ಮೇಜು.

ಇವತ್ತು ಬೆಳಿಗ್ಗೆ ಎಷ್ಟು ಸವರಿದರೂ ಕಳ್ಳನ ಸುಳಿವೇ ಇಲ್ಲ. ಸಾಕಾಗಿ, ಪೆನ್ನನ್ನು ಕೆಳತುಟಿಗೆ ತಾಗಿಸಿ ಎಳೆದೆ. ಇತ್ತು. ತುಟಿಗೆ ಏಣು ಸ್ಪಷ್ಟವಾಗಿ ತಗಲಿತು. ಉಪ್ಪುಕಾಗದದಲ್ಲಿ ತಿಕ್ಕುವುದು, ತುಟಿಗೆ ಹಿಡಿಯುವುದು, ಮತ್ತೆ ತಿಕ್ಕುವುದು. ಸಂಜೆ ಹೊತ್ತಿಗೆ ತುಟಿಯೆಲ್ಲ ಮರದ ಪುಡಿ, ಬಾಯೆಲ್ಲ ಕಹಿ. ಅಕ್ಕ ನೋಡಿ, ಪೆನ್ನು ಜೋಡಿಸುತ್ತಿದ್ದೀಯೋ ತಿನ್ನುತ್ತಿದ್ದೀಯೋ ಎಂದಳು. ಒಂದೇ ಉಸಿರಿಗೆ ಇಷ್ಟು ಮಾತು ಅವಳಿಂದ ಅಪರೂಪ. ಖುಷಿಯಾಗಿರಬೇಕು.

ನನಗೂ ಆಯಿತು. ಔಷಧಿ ನನ್ನ ತುಟಿಯನ್ನು ನನಗೇ ಬಿಟ್ಟಿದೆಯಲ್ಲ.

ಮಾರ್ಚ್ ೧೫, ಶನಿವಾರ

ಮರದ ತುದಿಯನ್ನು ನೇರಕ್ಕೆ ಕತ್ತರಿಸದ ಪೆನ್ನುಗಳು ಬಂದವು. ಮೇಲಿನ ತುಂಡೂ ಕೆಳಗಿನದೂ ಸೇರುವ ಕಡೆ ಒಂದು ಬದಿ ಕೂತಿದೆ, ಇನ್ನೊಂದು ಬದಿ ಬಾಯಿ ಬಿಟ್ಟಿದೆ. ಬೆಳಕಿಗೆ ಹಿಡಿದರೆ ಉಗುರಿನ ಚೂರಿನಷ್ಟು ಬೆಳಕು ಕಾಣುತ್ತದೆ. ಬಿಚ್ಚಿ, ನೆಟ್ಟಗೆ ನಿಲ್ಲುವಂತೆ ಚೌಕದ ಮರದ ಕಟ್ಟೆಗೆ ಒರಗಿಸಿ ತುದಿಯನ್ನು ಉಪ್ಪುಕಾಗದದ ಮೇಲೆ ಎರಡೇ ಎರಡು ಸಲ ಎಳೆದೆ. ಹೆಚ್ಚಾದರೆ ಪೆನ್ನು ಗಿಡ್ಡವಾಗುತ್ತದೆ. ಕೂತಿತು.

ನಂತರದ್ದರಲ್ಲಿ ಮತ್ತೆ ಏಣು, ಮೊದಲಿನದಕ್ಕಿಂತ ಸಣ್ಣದು. ಸವರಿ, ತಿಕ್ಕಿ, ಸವರಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ತುಂಡು ಬ್ರೆಡ್ಡಿನ ಜೊತೆ ಅದನ್ನೇ ಕುಡಿದೆ. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅಕ್ಕನ ಲೇತು ಗುಂಯ್ ಎನ್ನುತ್ತಿತ್ತು. ಹೋದ ವರ್ಷ ಈ ಹೊತ್ತಿಗೆ ಹಾಸಿಗೆಯಲ್ಲಿ ಮಲಗಿ ಈ ಸದ್ದನ್ನು ಗೋಡೆಯಾಚೆಯಿಂದ ಕೇಳುತ್ತಿದ್ದೆ, ಮುಂದಿನ ವರ್ಷ ಕೇಳುತ್ತೇನೋ ಇಲ್ಲವೋ ಎಂದುಕೊಂಡಿದ್ದೆ. ಕೇಳುತ್ತಿದ್ದೇನೆ. ಯಾರಿಗೆ ಹೇಳಲಿ ಥ್ಯಾಂಕ್ಸನ್ನು? ಹೊರಗಿನವರಿಗೆ ಹೇಳಬೇಕಂತೆ. ಬಿಸಿಲಿಗೆ ಹೇಳಿದೆ, ಅದು ಹೊರಗಿನದೇ.

ಅಕ್ಕನಿಗೆ ಮಾತ್ರ ಬೈದೆ. ಇಷ್ಟು ಕೆಟ್ಟ ಕೆಲಸವನ್ನು ಅಂಗಡಿಗೆ ಹೇಗೆ ಕಳಿಸಿದೆ, ಅಪ್ಪ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದ ಎಂದೆ. ಅವಳು ಹೂಂ ಎಂದಳು.

ಮಾರ್ಚ್ ೨೭, ಗುರುವಾರ

ಅಂಗಡಿಯಜ್ಜ ಬಂದರು. ಶಾಲೆಯ ಬೆಂಚಿನ ಮರದಲ್ಲಿ ಅಕ್ಕ ಒಂದು ಜೊತೆ ತುಂಡು ಕಡೆದು ಇಟ್ಟಿದ್ದಳು. ತೇಗ, ಒಳಗೆಲ್ಲ ಜೇನಿನ ಬಣ್ಣ. ಒಂದು ಬದಿಯಲ್ಲಿ ಯಾವುದೋ ಮಗು ಕೈವಾರದಲ್ಲಿ ಕೊರೆದ ಗೆರೆಯ ಗುರುತನ್ನು ಅಳಿಸದೆ ಉಳಿಸಿದ್ದಳು.

ಅಜ್ಜ ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಹತ್ತಿ ತಿರುಗಿಸಿ ಕೊಳವೆ ನೋಡಿದೆ. ಮಣಿಕಟ್ಟಿನಿಂದ ಮೂತಿ ಒತ್ತಿದೆ. ಕೀಲನ್ನು ಸ್ವಲ್ಪ ಒತ್ತಿ, ರೀಫಿಲ್ ಹಾಕಿ, ತಿರುಗಿಸಿ ನೋಡಿ, ಇನ್ನೂ ಸ್ವಲ್ಪ ಒತ್ತಿದೆ. ಸವರಿದೆ. ಮೂತಿಯ ಹತ್ತಿರ ಒಂದು ಕಡೆ ಎಡವಿತು. ಉಪ್ಪುಕಾಗದ ಒಂದು ಸಲ ಆಡಿಸಿ ಮತ್ತೆ ಸವರಿ ಅವರ ಕೈಗೆ ಕೊಟ್ಟೆ. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಜೇಬಿನಿಂದ ಚೀಟಿ ತೆಗೆದು ಅದರ ಮೇಲೆ ತಮ್ಮ ಮೊಮ್ಮಗಳ ಹೆಸರು ಬರೆದರು. ಮರವೆಲ್ಲವನ್ನೂ ಸೋಮವಾರವೇ ಕಳಿಸುತ್ತೇನೆ ಎಂದರು.

ಕೆಲಸ ನಮ್ಮದೇ. ಕುರ್ಚಿ ನನ್ನದೇ.

ಖುಷಿಯಲ್ಲಿ ನನ್ನ ಬಾಯಿ ಸುಮ್ಮನಿರಬೇಕಲ್ಲ. ಅಕ್ಕ ಜೋಡಿಸಿದ ಪೆನ್ನುಗಳೆಲ್ಲ ವಾಪಸ್ ಬಂದು ನಿಮಗೆ ತುಂಬಾ ತೊಂದರೆಯಾಯಿತು, ತಪ್ಪು ತಿಳಿಯಬೇಡಿ ಎಂದು ಅಜ್ಜನಿಗೆ ಹೇಳಿದೆ.

ಅಜ್ಜ ಕನ್ನಡಕದ ಮೇಲಿಂದ ನೋಡಿದರು. "ಯಾವ ಪೆನ್ನಮ್ಮ? ನಿಮ್ಮನೆ ಪೆನ್ನು ಇಷ್ಟು ವರ್ಷದಲ್ಲಿ ಒಂದೂ ವಾಪಸ್ ಬಂದಿಲ್ವಲ್ಲ. ಹೋದ ವರ್ಷವಿಡೀ ನಿಮ್ಮಕ್ಕ ಒಬ್ಬರೇ ಮಾಡಿಕೊಟ್ಟರು. ಒಂದೇ ಒಂದು ದೂರಿಲ್ಲ."

ಲೇತಿನ ಸದ್ದು ನಿಂತಿತ್ತು. ಅಕ್ಕ ನಮ್ಮ ಕಡೆ ಬೆನ್ನು ಮಾಡಿ, ಸ್ವಚ್ಛವಾಗಿಯೇ ಇದ್ದ ಉಳಿಯನ್ನು ಒರೆಸುತ್ತಿದ್ದಳು.

ಮಾರ್ಚ್ ೨೮, ಶುಕ್ರವಾರ

ರಾತ್ರಿಯಿಡೀ ಕುದ್ದೆ. ಬೆಳಿಗ್ಗೆ ಎದ್ದವಳೇ ಸ್ವೆಟರ್ ಹಾಕಿಕೊಂಡು ಕೆಳಗಿನಿಂದ ಮೇಲಿನವರೆಗೆ ಗುಂಡಿ ಬಿಗಿದು, ಅಕ್ಕನಿಗೆ ಹೇಳದೆ ಬೀದಿಯ ಕೊನೆಯವರೆಗೆ ದಡದಡ ನಡೆದೆ. ಮಕ್ಕಳಿಗೆ ಆಟದ ಸಾಮಾನು ಕೊಡುವ ಹಾಗೆ ನನಗೆ ಹಾಳು ಪೆನ್ನು ಮಾಡಿ ಮಾಡಿ ಕೊಟ್ಟಿದ್ದಾಳೆ. ನಾನೇನು ಎಳೆ ಮಗುವೇ? ನೇರವಾಗಿ ಹೇಳಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲವೇ?

ಬೇಕರಿಯ ಮುಂದಿನ ಕಲ್ಲಿನ ಮೇಲೆ ಕೂತಾಗ ಕೋಪ ಸ್ವಲ್ಪ ಇಳಿಯಿತು. ನೇರವಾಗಿ ಹೇಳಿದ್ದರೆ ನಾನು ಡಬ್ಬಿಯನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನನಗೆ ಯಾರಾದರೂ ಕಲಿಸಲು ಬಂದರೆ ಮೈ ಉರಿಯುತ್ತದೆ, ಬೇರೆಯವರ ತಪ್ಪು ತಿದ್ದು ಎಂದರೆ ಊಟ ಬಿಟ್ಟು ಕೂರುತ್ತೇನೆ. ಅದಕ್ಕೇ ಮೇಲಿನಿಂದ ತಗೋ ಎಂದದ್ದು. ಮೇಲೆ ಕಣ್ಣಿಗೆ ಕಾಣುವ ದೋಷ, ಕೆಳಗೆ ಕಾಣದ್ದು. ಒಂದೇ ಆಳದ ಕೀಲುಗಳು. ಕ್ಯಾಲಿಪರ್ ಹಿಡಿದು ಅಳೆದು ಅಳೆದು ಕೆಡಿಸಿದ್ದಾಳೆ. ತನ್ನ ಕೆಲಸದಲ್ಲಿ ಒಂದು ಗೀರು ಕಂಡರೆ ಅನ್ನ ಸೇರದವಳು ಡಬ್ಬಿಗಟ್ಟಲೆ ಕೆಡಿಸಿದಳು. ನಾನು ದಿನಾ ಕೈಯೋ ಕಾಲೋ ಎಂದರೆ ಹೂಂ ಹೂಂ ಎಂದು ಕೇಳಿಸಿಕೊಂಡಳು. ಅಪ್ಪನ ಹೆಸರೆತ್ತಿ ಬೈದಾಗಲೂ ಹೂಂ ಎಂದಳು.

ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಬೇಕರಿಯವನು ಗಾಬರಿಯಾಗಿ ನೀರು ತಂದುಕೊಟ್ಟ. ಅವನಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಹೊರಗೆ ಹೋದಾಗಿನಿಂದ ಅಲ್ಲೇ ನಿಂತಿದ್ದಳೋ ಏನೋ. ಯಾಕೆ ಹೀಗೆ ಮಾಡಿದೆ ಎಂದು ಕೇಳಬೇಕೆಂದು ಬಂದವಳು, ಎಷ್ಟು ಪೆನ್ನು ಹಾಳು ಮಾಡಿದೆಯೇ ಎಂದು ಕೇಳಿದೆ.

"ಸರಿಯಾಗಿ ಕೆಡಿಸೋದು ಎಷ್ಟು ಕಷ್ಟ ಗೊತ್ತಾ ನಿನಗೆ?" ಎಂದಳು. "ಹೆಚ್ಚು ಕೆಟ್ಟರೆ ನಿನಗೆ ತಿದ್ದೋಕಾಗಲ್ಲ. ಕಮ್ಮಿ ಕೆಟ್ಟರೆ ನಿನಗೆ ಸಿಗಲ್ಲ. ಏಣು ಬಿಡೋದಕ್ಕೆ ಕೂತು ಕೂತು ಸಾಕಾಯ್ತು, ಅಪ್ಪ ಅದನ್ನ ಹೇಗೆ ಮಾಡ್ತಿದ್ದನೋ. ನನ್ನ ಬೆರಳಿಗೆ ಅದು ತಿಳಿಯೋದೂ ಇಲ್ಲ ನೋಡು."

ಆಮೇಲೆ ನನ್ನ ಸ್ವೆಟರನ್ನು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಒಂದೊಂದು ಗುಂಡಿಯನ್ನೂ ನೋಡಿದಳು.

"ನಿನ್ನೆ ಅಜ್ಜನ ಮುಂದೆ ಪೆನ್ನನ್ನ ತುಟಿಗೆ ಹಿಡೀಲೇ ಇಲ್ಲ ಕಣೇ ಗುಬ್ಬಿ ನೀನು," ಎಂದಳು. "ಎರಡು ವಾರ ಆಯ್ತು, ಹಿಡೀತಾನೇ ಇಲ್ಲ."

ಇಲ್ಲ ಹಿಡಿದೆ ಎಂದು ವಾದ ಮಾಡಲು ಬಾಯಿ ತೆರೆದೆ. ಹಿಡಿದ ನೆನಪಾಗಲಿಲ್ಲ. ಹಿಂದಿನ ಪುಟ ತಿರುಗಿಸಿ ನೋಡಿದರೆ, ಸವರಿದೆ ಸವರಿದೆ ಎಂದು ನಾನೇ ಬರೆದುಕೊಂಡಿದ್ದೇನೆ. ಬೆರಳಿಗೆ ಸ್ಪರ್ಶ ಯಾವಾಗ ವಾಪಸ್ ಬಂತೋ ಗೊತ್ತಿಲ್ಲ. ಹೇಳದೆ ಕೇಳದೆ ಬಂದು ಕೂತುಬಿಟ್ಟಿದೆ.

ಏಪ್ರಿಲ್ ೧೬, ಬುಧವಾರ

ಶಾಲೆಯ ಪೆನ್ನುಗಳೆಲ್ಲ ಮುಗಿದವು. ಒಂದೂ ಸೀಳಲಿಲ್ಲ. ಅಜ್ಜ ಬಂದು ಹೊತ್ತುಕೊಂಡು ಹೋದರು. ಎಲ್ಲ ಬೆರಳೂ ಮೊದಲಿನ ಹಾಗಾಗಿಲ್ಲ, ಎಡಗೈಯ ಎರಡು ಬೆರಳು ಇನ್ನೂ ಕಾಲುಚೀಲ ಬಿಚ್ಚಿಲ್ಲ. ಅವು ಹಾಗೇ ಇದ್ದರೂ ಇರಲಿ. ಮಣಿಕಟ್ಟಿದೆ, ತುಟಿಯಿದೆ, ಹತ್ತಿ ಸುತ್ತಿದ ಕಡ್ಡಿಯಿದೆ.

ಕೋಣೆ ಗುಡಿಸುವಾಗ ಮೇಜಿನಡಿ ಚಪ್ಪಲಿ ಡಬ್ಬಿ ಸಿಕ್ಕಿತು. ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ತಳದಲ್ಲಿ ಒಂದು ಪೆನ್ನು ಉಳಿದಿತ್ತು. ಕ್ಲಿಪ್ಪು ಗಟ್ಟಿ, ಕೀಲು ಸರಿ, ಬೆಳಕಿಗೆ ಹಿಡಿದರೆ ಎಲ್ಲೂ ಸಂದಿಲ್ಲ. ಇದರಲ್ಲಿ ಏನು ಕೆಡಿಸಿದ್ದಾಳೆ ಎಂದು ಕಣ್ಣು ಮುಚ್ಚಿ ಸವರಿದೆ. ಮೂತಿಯಿಂದ ಮೇಲಕ್ಕೆ ಬರುವಾಗ ಸಿಕ್ಕಿತು. ಕೂದಲೆಳೆಯಷ್ಟು ಏಣು. ಅಪ್ಪನ ಕಳ್ಳರಲ್ಲೂ ಇಷ್ಟು ಸಣ್ಣವನಿರಲಿಲ್ಲ. ತನ್ನ ಬೆರಳಿಗೆ ತಿಳಿಯದ್ದನ್ನು ನನ್ನ ಬೆರಳಿಗಾಗಿ ಅಳೆದು ಬಿಟ್ಟಿದ್ದಾಳೆ, ನನಗೆ ಸಿಕ್ಕೇ ಸಿಗುತ್ತದೆ ಎಂದು, ನಾನು ಗುಂಡಿ ಹಾಕಿಕೊಳ್ಳಲಾಗದೆ ಕೂತಿದ್ದ ದಿನಗಳಲ್ಲಿ.

ಕಳ್ಳ ಸಿಕ್ಕಿದ ಎಂದು ಕೂಗಿ ಪೆನ್ನನ್ನು ಎತ್ತಿ ತೋರಿಸಿದೆ. ಅಕ್ಕ ಲೇತಿನ ಹಿಂದಿನಿಂದ ನೋಡಿ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು. ಮರದ ಪುಡಿ ಬಿತ್ತು ಎಂದಳು, ಲೇತು ನಿಂತಿತ್ತು.

ಥ್ಯಾಂಕ್ಸ್ ಎನ್ನಲು ಹೋದೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ, ಅದು ಹೊರಗಿನವರಿಗೆ. ಹೋಗಿ ಅವಳ ಭುಜದ ಮೇಲಿನ ಪುಡಿ ಕೊಡವಿ ಅಲ್ಲೇ ಸ್ವಲ್ಪ ಹೊತ್ತು ತಲೆಯಿಟ್ಟೆ. ಭಾರ ಕಣೇ ಎಂದಳು. ಎಂದಳೇ ಹೊರತು ಅಲುಗಾಡಲಿಲ್ಲ.

ಸಂಜೆ ಉಪ್ಪುಕಾಗದ ತೆಗೆದುಕೊಂಡು ಕೂತೆ. ಒಂದೇ ಸಲ ಆಡಿಸಿದರೆ ಏಣು ಹೋಗುತ್ತದೆ. ಆಡಿಸಲಿಲ್ಲ. ಈಗ ಇದನ್ನು ಬರೆಯುತ್ತಿರುವುದು ಅದೇ ಪೆನ್ನಿನಲ್ಲಿ. ಸಾಲು ಸಾಲಿಗೂ ತೋರುಬೆರಳು ಅಲ್ಲಿ ಹೋಗಿ ಎಡವುತ್ತಿದೆ. ಇದೊಂದನ್ನು ನಾನು ಸರಿಮಾಡುವುದಿಲ್ಲ.